ಅಪ್‌ಡೇಟ್: 115 ಬಾರ್ ಕೇಳುತ್ತಿದ್ದ ಸ್ಪ್ರಿಂಕ್ಲರ್ ಲೆಕ್ಕ ಕೊನೆಗೂ ಸರಿಹೋಯಿತು

ಹೋದ ವಾರ ಕೇಳಿದ್ದೆ: ಬೆಳಗಾವಿಯ ಉದ್ಯಮಬಾಗದ ಒಂದು ಗೋದಾಮಿನ ಬೆಂಕಿ ನಂದಿಸುವ ಸ್ಪ್ರಿಂಕ್ಲರ್ ಪೈಪುಗಳಿಗೆ ಹೈಡ್ರಾಲಿಕ್ ಲೆಕ್ಕ (ನೀರಿನ ಹರಿವು, ಒತ್ತಡದ ಲೆಕ್ಕ) ಹಾಕಲು ಹೊಸದಾಗಿ ಸಾಫ್ಟ್‌ವೇರ್ ಹಿಡಿದಿದ್ದೇನೆ, ಒಂದೇ ಒಂದು ಸ್ಪ್ರಿಂಕ್ಲರ್ ತಲೆಗೆ (ನೀರು ಚಿಮ್ಮುವ ಮೂತಿಗೆ) 115 ಬಾರ್ ಒತ್ತಡ ಬೇಕೆಂದು ಅದು ಹಟ ಹಿಡಿದಿದೆ, ಏನು ಮಾಡಲಿ ಎಂದು.

ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿ ನೋಡಿದೆ, ಅದೇ ಉತ್ತರ. ಪೈಪಿನ ಒಳಮೈ ಎಷ್ಟು ನುಣುಪು ಎಂದು ಹೇಳುವ ಸಿ ಮೌಲ್ಯವನ್ನು 100ರಿಂದ 120ಕ್ಕೆ ಏರಿಸಿದೆ. ನಮ್ಮದು ಸದಾ ನೀರು ತುಂಬಿರುವ ಉಕ್ಕಿನ ಪೈಪ್, ಹಾಗಾಗಿ ಅದು ಬೇಕಾದ ತಿದ್ದುಪಡಿಯೇ. ಆದರೆ 115 ಕದಲಲಿಲ್ಲ.

ಗೆದ್ದದ್ದು 'ಕೆ ಫ್ಯಾಕ್ಟರಿನ ಏಕಮಾನ ನೋಡಿ' ಎಂದವರು. ಕೆ ಫ್ಯಾಕ್ಟರ್ ಎಂದರೆ ಇಂತಿಷ್ಟು ಒತ್ತಡಕ್ಕೆ ತಲೆ ಎಷ್ಟು ನೀರು ಬಿಡುತ್ತದೆ ಎಂದು ಹೇಳುವ ಅಂಕಿ. ಅಮೆರಿಕದ ಕ್ಯಾಟಲಾಗಿನಿಂದ 5.6 ಎಂದು ತುಂಬಿದ್ದೆ. ಅದು ಗ್ಯಾಲನ್ ಮತ್ತು ಪಿಎಸ್ಐ (ಅಲ್ಲಿನ ಒತ್ತಡದ ಏಕಮಾನ) ಲೆಕ್ಕ. ಲೀಟರ್, ಬಾರ್‌ನಲ್ಲಿ ಅದೇ ತಲೆಯ ಕೆ 80. ಹರಿವು ಎಂದರೆ ಕೆ ಗುಣಿಸು ಒತ್ತಡದ ವರ್ಗಮೂಲ. ಚದರ ಮೀಟರಿಗೆ ನಿಮಿಷಕ್ಕೆ 5 ಲೀಟರಿನಂತೆ, ಒಂದು ತಲೆಯ ಪಾಲಿನ 12 ಚದರ ಮೀಟರಿಗೆ 60 ಲೀಟರ್. 60ನ್ನು 80ರಿಂದ ಭಾಗಿಸಿ ವರ್ಗ ಮಾಡಿದರೆ 0.56 ಬಾರ್. 5.6ರಿಂದ ಭಾಗಿಸಿದರೆ? ಅದೇ 115! ಚಹಾದ ಅಂಗಡಿಯ ಬಿಲ್ಲಿನ ಹಿಂದೆ ಬರೆದು ನೋಡಿ ನಗು ಬಂತು.

ಇನ್ನೊಂದು ಅಚ್ಚರಿ: ಕೊನೆಯ ಕವಲು ಪೈಪನ್ನು 25 ಮಿ.ಮೀ.ನಿಂದ 32ಕ್ಕೆ ಏರಿಸಿದೊಡನೆ ಅದರ ಘರ್ಷಣೆಯ ನಷ್ಟ ಸುಮಾರು ಕಾಲು ಭಾಗಕ್ಕೆ ಇಳಿಯಿತು. ದೊಡ್ಡ ಪಂಪ್ ತನ್ನಿ ಎಂದವರ ಮಾತು ಕೇಳಿದ್ದರೆ ಮಾಲೀಕರ ದುಡ್ಡು ನೀರಿನಲ್ಲಿ ಹೋಮವಾಗುತ್ತಿತ್ತು. ನಕ್ಷೆಯನ್ನು ಈಗ ಪರಿಶೀಲನೆಗೆ ಕಳುಹಿಸಿದ್ದೇನೆ.