ಮಡಿಕೇರಿಯ ಹಳೆಯ ಮನೆಯಲ್ಲಿ ಸ್ನಾನದ ಮನೆ ಬದಲಾಯಿಸಲು ಯಾವ ಅನುಮತಿ ಬೇಕು?

ಪ್ರಶ್ನೆ: ಮಡಿಕೇರಿಯಿಂದ

ಎಲ್ಲರಿಗೂ ನಮಸ್ಕಾರ. ಮಡಿಕೇರಿ ಪೇಟೆಯೊಳಗಿರುವ ನಮ್ಮ ಮನೆಯನ್ನು ತಂದೆಯವರು 1986ರಲ್ಲಿ ಕಟ್ಟಿಸಿದರು. ಇಟ್ಟಿಗೆ ಗೋಡೆ, ಹೆಂಚಿನ ಮಾಡು, ಒಂದು ಪಕ್ಕದಲ್ಲಿ ಬರೆ, ಅಂದರೆ ಕಡಿದಾದ ಮಣ್ಣಿನ ಇಳಿಜಾರು. ಅಂದಿನ ರೂಢಿಯಂತೆ ಸ್ನಾನದ ಮನೆಯೂ ಕಕ್ಕಸೂ ಹಿಂಬದಿಯಲ್ಲಿ, ಮೂರು ಮೆಟ್ಟಿಲು ಇಳಿದು ಹೋಗುವಂತೆ ಇವೆ. ನೀರು ಕಾಯಿಸುವ ಹಂಡೆಯ ಒಲೆಯೂ ಅಲ್ಲಿಯೇ ಇದೆ. ತಂದೆಯವರಿಗೆ ಈಗ 79 ವರ್ಷ. ಎರಡೂ ಮಂಡಿಗಳ ನೋವಿನಿಂದ ಅವರಿಗೆ ಕೆಳಗೆ ಕೂರುವುದು ಆಗುವುದಿಲ್ಲ, ಮಳೆಗಾಲದಲ್ಲಿ ಆ ಮೆಟ್ಟಿಲುಗಳು ಪಾಚಿಗಟ್ಟಿ ಜಾರುತ್ತವೆ. ಕಳೆದ ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್ ನಡುವಿನ ಮಳೆಯ ತಿಂಗಳಲ್ಲಿ, ಅವರು ಅಲ್ಲಿ ಒಮ್ಮೆ ಬಿದ್ದರು. ಮೂಳೆ ಮುರಿಯಲಿಲ್ಲ, ಆದರೆ ಅಂದಿನಿಂದ ರಾತ್ರಿ ಎದ್ದು ಹೋಗಲು ಹೆದರುತ್ತಾರೆ.

ಆದ್ದರಿಂದ ಅವರ ಮಲಗುವ ಕೋಣೆಗೆ ತಾಗಿರುವ ಉಗ್ರಾಣದಲ್ಲಿ ಐದು ಅಡಿ ಅಗಲ, ಎಂಟು ಅಡಿ ಉದ್ದದ ಜಾಗವನ್ನು ಪ್ರತ್ಯೇಕಿಸಿ ಕಮೋಡ್, ಶವರ್, ಗೀಸರ್ ಇರುವ ಸ್ನಾನದ ಮನೆಯನ್ನು ಮಾಡಿಸಬೇಕೆಂದಿದ್ದೇವೆ. ಇದಕ್ಕಾಗಿ ಕೋಣೆಗೂ ಉಗ್ರಾಣಕ್ಕೂ ನಡುವಿನ ಗೋಡೆಯನ್ನು ಒಡೆದು ಬಾಗಿಲು ಇಡಬೇಕು, ಹೊರಗೋಡೆಗೆ ಒಂದು ಸಣ್ಣ ಕಿಟಕಿ ಬೇಕು, ಅಂಗಳದ ಪಕ್ಕದಲ್ಲಿ ಹೊಸ ಸೆಪ್ಟಿಕ್ ಟ್ಯಾಂಕ್ ಹಾಗೂ ಇಂಗುಗುಂಡಿ ತೋಡಬೇಕು ಎಂದು ಮೇಸ್ತ್ರಿಯವರು ಹೇಳಿದ್ದಾರೆ. ಗುಂಡಿಗೆ ಗುರುತಿಸಿದ ಜಾಗ ಬರೆಯ ಅಂಚಿನಿಂದ ಸುಮಾರು ಹತ್ತು ಅಡಿ ದೂರದಲ್ಲಿದೆ. ಬರೆಯ ಕೆಳಗೆ ನೆರೆಯವರ ಬಾವಿ ಇದೆ, ಅಲ್ಲಿಗೆ ಅಳೆದರೆ 12 ಮೀಟರ್ ಆಗುತ್ತದೆ. ನಮ್ಮ ಬೀದಿಗೆ ಒಳಚರಂಡಿ ಬಂದಿಲ್ಲ.

ಸ್ವಂತ ಮನೆಯೊಳಗಿನ ಕೆಲಸಕ್ಕೆ ಯಾರ ಅನುಮತಿಯೂ ಬೇಡ ಎಂಬುದು ಮೇಸ್ತ್ರಿಯವರ ಮಾತು. ನಗರಸಭೆಯಿಂದ ಪರವಾನಗಿ ಪಡೆಯದೆ ಒಂದು ಕಲ್ಲನ್ನೂ ಅಲುಗಿಸಬೇಡಿ ಎಂಬುದು ನಮ್ಮ ಭಾವನವರ ಮಾತು. ಇವರಿಬ್ಬರಲ್ಲಿ ಯಾರ ಮಾತು ಸರಿ ಎಂಬುದನ್ನು, ಸಾಧ್ಯವಾದರೆ ಕಾರಣದೊಡನೆ, ತಿಳಿಸಬೇಕಾಗಿ ಕೋರುತ್ತೇನೆ. ಮನೆಯ ಖಾತೆ ತಂದೆಯವರ ಹೆಸರಿನಲ್ಲಿದೆ, ತೆರಿಗೆ ಬಾಕಿ ಇಲ್ಲ.

ಉತ್ತರ 1: ವಿರಾಜಪೇಟೆಯಿಂದ, ಸಿವಿಲ್ ಎಂಜಿನಿಯರ್

ನಮಸ್ಕಾರ. ತಾವು ಒಂದೇ ಕೆಲಸವೆಂದು ಬರೆದಿರುವುದು ಅನುಮತಿಯ ದೃಷ್ಟಿಯಿಂದ ಎರಡು ಕೆಲಸಗಳು. ಮೇಸ್ತ್ರಿಯವರು ಒಂದನ್ನು ನೋಡಿ ಹೇಳಿದ್ದಾರೆ, ಭಾವನವರು ಇನ್ನೊಂದನ್ನು ನೋಡಿ ಹೇಳಿದ್ದಾರೆ.

ನೆಲದ ಟೈಲ್ಸ್ ತೆಗೆದು ಹೊಸದು ಹಾಕುವುದು, ಗಾರೆ ಮತ್ತು ತೇಪೆ ಕೆಲಸ, ಬಣ್ಣ, ಒಳಗೆ ಅಡ್ಡಗೋಡೆ ಎಬ್ಬಿಸುವುದು, ಒಂದು ಕೋಣೆಯಿಂದ ಮತ್ತೊಂದಕ್ಕೆ ಬಾಗಿಲು ಇಡುವುದು, ಕಿಟಕಿ ತೆರೆಯುವುದು ಅಥವಾ ಮುಚ್ಚುವುದು ಇವುಗಳಿಗೆ ಪ್ರತ್ಯೇಕ ಕಟ್ಟಡ ಪರವಾನಗಿ ಬೇಕಿಲ್ಲವೆಂದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಆದರೆ ಅದೇ ಸಾಲಿನಲ್ಲಿ, ಆ ಬದಲಾವಣೆಯಿಂದ ಕಟ್ಟಡದ ಭದ್ರತೆಗೆ ಧಕ್ಕೆ ಬರಬಾರದು ಎಂಬ ಷರತ್ತೂ ಇದೆ, ಮತ್ತು ಆ ಷರತ್ತನ್ನು ಓದದೆ ಬಿಡುವವರೇ ಹೆಚ್ಚು. ತಮ್ಮದು ಪಿಲ್ಲರ್ ಇಲ್ಲದೆ ಗೋಡೆಗಳ ಮೇಲೆಯೇ ಮಾಡು ನಿಂತಿರುವ ಮನೆ. ಕೋಣೆಗೂ ಉಗ್ರಾಣಕ್ಕೂ ನಡುವಿನ ಗೋಡೆಯ ಮೇಲೆ ಮಾಡಿನ ತೊಲೆ ಕೂತಿದ್ದರೆ, ಅಲ್ಲಿ ಬಾಗಿಲಿಗಾಗಿ ಗೋಡೆ ಒಡೆಯುವ ಮೊದಲು ಮೇಲಿನ ಭಾರಕ್ಕೆ ಆಸರೆ ಕೊಟ್ಟು, ಲಿಂಟಲ್ (ಬಾಗಿಲಿನ ಮೇಲೆ ಗೋಡೆಯ ಭಾರ ಹೊರುವ ಅಡ್ಡತೊಲೆ) ಕೂರಿಸಿ, ಅದು ಗಟ್ಟಿಯಾದ ಮೇಲೆಯೇ ಕೆಳಗಿನ ಇಟ್ಟಿಗೆ ತೆಗೆಯಬೇಕು. ಲಿಂಟಲ್ ಎರಡು ಬದಿಗಳಲ್ಲಿಯೂ ಕನಿಷ್ಠ 15 ಸೆಂ.ಮೀ. ಗೋಡೆಯ ಮೇಲೆ ಕೂರಬೇಕು. ಈ ಕೆಲಸವನ್ನು ಎಂಜಿನಿಯರ್ ಒಬ್ಬರು ನೋಡಿ ಬರೆದುಕೊಟ್ಟ ಮೇಲೆಯೇ ಆರಂಭಿಸಿರಿ.

ಅಳತೆಗಳ ಬಗ್ಗೆ ಚಿಂತೆ ಬೇಡ. ಸ್ನಾನ ಮತ್ತು ಶೌಚ ಒಂದೇ ಕೋಣೆಯಲ್ಲಿದ್ದರೆ ಕನಿಷ್ಠ 2.8 ಚದರ ಮೀಟರ್ ವಿಸ್ತೀರ್ಣ, 1.2 ಮೀಟರ್ ಅಗಲ ಇರಬೇಕೆಂಬುದು ಅದೇ ಸಂಹಿತೆಯ ನಿಯಮ. ತಮ್ಮ ಐದು ಅಡಿಗೆ ಎಂಟು ಅಡಿ ಎಂದರೆ ಸುಮಾರು 3.7 ಚದರ ಮೀಟರ್ ಆಗುತ್ತದೆ. ಅಗಲದ ಆ ಐದು ಅಡಿಯನ್ನು ಮಾತ್ರ ಕಡಿಮೆ ಮಾಡಬೇಡಿರಿ. ಮುಂದೆ ಗಾಲಿಕುರ್ಚಿ ಬೇಕಾದರೆ ಅದು ಪೂರ್ತಿ ತಿರುಗಲು 1.5 ಮೀಟರ್ ಬೇಕು, ಬಾಗಿಲು 90 ಸೆಂ.ಮೀ. ತೆರವು ಕೊಡಬೇಕು, ಮತ್ತು ಆ ಬಾಗಿಲು ಹೊರಕ್ಕೆ ತೆರೆದುಕೊಳ್ಳಬೇಕು. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡವಾಗಿದ್ದಾಗ ಒಳಕ್ಕೆ ತೆರೆಯುವ ಬಾಗಿಲಿನಿಂದ ಯಾರೂ ಸಹಾಯಕ್ಕೆ ಹೋಗಲಾಗದು.

ಎರಡನೆಯ ಕೆಲಸ, ಅಂದರೆ ಮನೆಯ ಹೊರಗೆ ನೆಲ ಅಗೆದು ಹೊಸದಾಗಿ ಕಟ್ಟುವುದು, ಬೇರೆಯದೇ ವಿಷಯ. 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದ 187ನೆಯ ಪ್ರಕರಣದಂತೆ ಹೊಸ ಕಟ್ಟಡಕ್ಕೂ ಇರುವ ಕಟ್ಟಡದ ಮುಖ್ಯ ಬದಲಾವಣೆಗೂ ನಗರಸಭೆಯ ಅನುಮತಿ ಬೇಕು. ಸ್ನಾನದ ಮನೆಯನ್ನು ಗೋಡೆಯಿಂದಾಚೆಗೆ ಒಂದು ಅಡಿ ಚಾಚಿದರೂ, ಮಾಡನ್ನು ಎತ್ತರಿಸಿದರೂ ನಕ್ಷೆ ಸಲ್ಲಿಸಲೇಬೇಕು. ಸೆಪ್ಟಿಕ್ ಟ್ಯಾಂಕಿನ ಸ್ಥಳವನ್ನು ಆ ನಕ್ಷೆಯಲ್ಲಿಯೇ ತೋರಿಸಬೇಕಾಗುತ್ತದೆ. ಖಾತೆ, ತೆರಿಗೆ ರಸೀದಿ, ಮೂಲ ಪರವಾನಗಿಯ ನಕಲು ಮತ್ತು ನೋಂದಾಯಿತ ಎಂಜಿನಿಯರ್ ಸಹಿ ಇರುವ ನಕ್ಷೆ ಮುಖ್ಯ ದಾಖಲೆಗಳು. ಅರ್ಜಿ ಕೊಟ್ಟಾಗ ಸಕಾಲ ಸ್ವೀಕೃತಿ ಪತ್ರವನ್ನು ಕೇಳಿ ಪಡೆಯಿರಿ, ಅದಿಲ್ಲದಿದ್ದರೆ ಅರ್ಜಿ ಎಲ್ಲಿದೆ ಎಂದು ವಿಚಾರಿಸಲು ದಾರಿಯಿಲ್ಲ.

ಇಷ್ಟನ್ನು ಹೇಳಿದ ಮೇಲೂ, ಮೇಸ್ತ್ರಿಯವರು ತೋರಿಸಿದ ಜಾಗದಲ್ಲಿ ಗುಂಡಿ ತೋಡಬೇಡಿರಿ ಎಂಬುದೇ ನನ್ನ ಸ್ಪಷ್ಟ ಅಭಿಪ್ರಾಯ. ಸೆಪ್ಟಿಕ್ ಟ್ಯಾಂಕಿಗೆ ಸಂಬಂಧಿಸಿದ ಭಾರತೀಯ ಮಾನಕ 2470ರ ಪ್ರಕಾರ ಇಂಗುಗುಂಡಿಯು ಕುಡಿಯುವ ನೀರಿನ ಮೂಲದಿಂದ 18 ಮೀಟರ್ ದೂರವಿರಬೇಕು. ತಮ್ಮಲ್ಲಿ 12 ಮೀಟರ್ ಇದೆ, ಅದೂ ಬಾವಿ ಕೆಳಗಿದೆ. ಇದಕ್ಕಿಂತ ಮುಖ್ಯವಾದುದು ಬರೆಯ ವಿಚಾರ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಭೂಕುಸಿತದಿಂದ ಏನಾಯಿತೆಂಬುದನ್ನು ಕೊಡಗಿನವರಿಗೆ ನಾನು ವಿವರಿಸಬೇಕಿಲ್ಲ. ನೀರು ಕುಡಿದು ತೂಕ ಹೆಚ್ಚಿದ ಮಣ್ಣು ತನ್ನ ಹಿಡಿತ ಕಳೆದುಕೊಂಡಾಗ ಬರೆ ಜರಿಯುತ್ತದೆ. ಬರೆಯ ಅಂಚಿನಿಂದ ಹತ್ತು ಅಡಿಯಲ್ಲಿ ಇಂಗುಗುಂಡಿ ಇಟ್ಟರೆ, ಮಳೆ ಇಲ್ಲದ ದಿನಗಳಲ್ಲಿಯೂ ನಾವೇ ಆ ಮಣ್ಣಿಗೆ ನೀರುಣಿಸಿದಂತಾಗುತ್ತದೆ.

ಹಳೆಯ ಕಕ್ಕಸಿನ ಟ್ಯಾಂಕ್ ಎಲ್ಲಿದೆ, ಸುಸ್ಥಿತಿಯಲ್ಲಿದೆಯೇ, ಮನೆಯಲ್ಲಿ ಎಷ್ಟು ಜನರಿದ್ದೀರಿ ಎಂಬುದನ್ನು ತಿಳಿಸಿರಿ. ಮನೆ ಕೋಟೆಯಿಂದ ಎಷ್ಟು ದೂರದಲ್ಲಿದೆ ಎಂಬುದನ್ನೂ ತಿಳಿಸಿರಿ.

ಉತ್ತರ 2: ಪೊನ್ನಂಪೇಟೆ ತಾಲ್ಲೂಕಿನಿಂದ

ಇದೇ ಪ್ರಶ್ನೆ ಗ್ರಾಮಗಳಲ್ಲಿರುವವರಿಗೂ ಬರುವುದರಿಂದ ನನ್ನ ಅನುಭವವನ್ನು ಸೇರಿಸುತ್ತೇನೆ. ನಮ್ಮಲ್ಲಿ ಅನ್ವಯಿಸುವುದು 1993ರ ಪಂಚಾಯತ್ ರಾಜ್ ಅಧಿನಿಯಮ. ಅದರ 64ನೆಯ ಪ್ರಕರಣದಂತೆ ಕಟ್ಟಡ ಕಟ್ಟುವುದಕ್ಕೆ ಮಾತ್ರವಲ್ಲದೆ, ಇರುವ ಕಟ್ಟಡಕ್ಕೆ ಸೇರಿಸುವುದಕ್ಕೂ ಬದಲಾಯಿಸುವುದಕ್ಕೂ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಬೇಕು. ಪಿಡಿಒ ಅವರು ಮೊದಲು ಕೇಳುವುದು ಇ-ಸ್ವತ್ತಿನ ದಾಖಲೆಯನ್ನು.

ನಮಗೆ ತೊಡಕಾದದ್ದು ಅಲ್ಲಿಯೇ. ನಮ್ಮ ಮನೆ ಜಮ್ಮಾ ಜಾಗದಲ್ಲಿದ್ದು (ಕೊಡಗಿನಲ್ಲಿ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನು), ಆರ್‌ಟಿಸಿಯಲ್ಲಿ ಮೊದಲು ಬರುವುದು ಎಂದೋ ತೀರಿಕೊಂಡ ಪಟ್ಟೆದಾರರ, ಅಂದರೆ ಮನೆತನದ ಯಜಮಾನರ, ಹೆಸರು. ಐನ್‌ಮನೆಗೆ (ಮನೆತನದ ಮೂಲ ಮನೆಗೆ) ತಾಗಿ ಎರಡು ಸ್ನಾನದ ಮನೆಗಳನ್ನು ಕಟ್ಟಲು ಹೊರಟಾಗ, ಅರ್ಜಿದಾರನಾದ ನನಗೆ ಆ ಜಾಗದ ಮೇಲೆ ಏನು ಹಕ್ಕಿದೆ ಎಂಬ ಪ್ರಶ್ನೆ ಎದ್ದಿತು. ಒಕ್ಕದ, ಅಂದರೆ ಮನೆತನದ, ಹಿರಿಯರೆಲ್ಲರ ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯಲು ನನಗೆ ಏಳು ತಿಂಗಳು ಬೇಕಾಯಿತು, ಏಕೆಂದರೆ ಕೆಲವರು ಬೆಂಗಳೂರಿನಲ್ಲಿಯೂ ಇಬ್ಬರು ವಿದೇಶದಲ್ಲಿಯೂ ಇದ್ದಾರೆ. ಪುತ್ತರಿ ಸುಗ್ಗಿ ಹಬ್ಬಕ್ಕೆ ಎಲ್ಲರೂ ಊರಿಗೆ ಬಂದಾಗಲೇ ಆ ಕೆಲಸ ಮುಗಿಯಿತು. ಕಚೇರಿಯ ಬಾಗಿಲಿಗೆ ಹೋಗುವ ಮೊದಲು ಮನೆಯವರ ಸಹಿ ಸಂಗ್ರಹಿಸಿಕೊಳ್ಳಿರಿ ಎಂದು ಇಂಥ ಸ್ಥಿತಿಯಲ್ಲಿರುವ ಎಲ್ಲರಿಗೂ ಹೇಳುತ್ತೇನೆ. ನಮ್ಮದು ಹೋಂಸ್ಟೇಗಾಗಿ ಮಾಡಿಸಿದ್ದಾದ್ದರಿಂದ ಪ್ರವಾಸೋದ್ಯಮ ಇಲಾಖೆಯ ನೋಂದಣಿಯನ್ನೂ ಬೇರೆಯಾಗಿ ಮಾಡಿಸಬೇಕಾಯಿತು.

ಉತ್ತರ 3: ಸೋಮವಾರಪೇಟೆಯಿಂದ

ಗುಂಡಿಯ ವಿಚಾರದಲ್ಲಿ ಎಂಜಿನಿಯರ್ ಅವರು ಹೇಳಿದ್ದನ್ನು ದಯವಿಟ್ಟು ಲಘುವಾಗಿ ತೆಗೆದುಕೊಳ್ಳಬೇಡಿರಿ. ಆರು ವರ್ಷಗಳ ಹಿಂದೆ ನಾವು ಯಾರನ್ನೂ ಕೇಳದೆ, ಕಾಂಕ್ರೀಟ್ ರಿಂಗ್ ಇಳಿಸಿ ಗುಂಡಿ ಮಾಡಿಸಿದೆವು. ಮೇ ತಿಂಗಳಲ್ಲಿ ಮುಗಿಯಬೇಕಾದ ಕೆಲಸ ಜೂನ್‌ಗೆ ಹೋಯಿತು. ಮೊದಲ ದೊಡ್ಡ ಮಳೆಗೆ ಅಗೆದ ಮಣ್ಣೆಲ್ಲ ಪಕ್ಕದ ಮನೆಯ ಅಂಗಳಕ್ಕೆ ಹರಿಯಿತು, ಆಗಸ್ಟ್‌ನಲ್ಲಿ ಅವರ ಬಾವಿಯ ನೀರು ವಾಸನೆ ಬಂದಿತು. ಅವರು ದೂರು ಕೊಟ್ಟರು, ಕೊಟ್ಟದ್ದು ನ್ಯಾಯವಾಗಿಯೇ ಇತ್ತು. ಗುಂಡಿ ಮುಚ್ಚಿಸಿ, ಬೇರೆ ಕಡೆ ಮತ್ತೊಂದು ಮಾಡಿಸಿ, ಅವರ ಬಾವಿಯ ನೀರನ್ನು ಖಾಲಿ ಮಾಡಿಸಿ ಶುದ್ಧಗೊಳಿಸುವಷ್ಟರಲ್ಲಿ ಸ್ನಾನದ ಮನೆಗೆ ಆದುದಕ್ಕಿಂತ ಹೆಚ್ಚು ಹಣ ಖರ್ಚಾಯಿತು. ಹಣಕ್ಕಿಂತ, ನಲವತ್ತು ವರ್ಷಗಳಿಂದ ಮದುವೆ ಮರಣಗಳಿಗೆ ಜೊತೆಯಾಗಿದ್ದ ಎರಡು ಮನೆಗಳ ನಡುವೆ ಮಾತು ನಿಂತುಹೋದುದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಹಳೆಯ ಟ್ಯಾಂಕ್ ಮನೆಯ ಹಿಂದೆ, ಬರೆಗೆ ವಿರುದ್ಧವಾದ ಬದಿಯಲ್ಲಿದೆ. ಇಂದು ಮುಚ್ಚಳ ತೆಗೆಸಿ ನೋಡಿದೆವು. ಗೋಡೆಗಳಲ್ಲಿ ಬಿರುಕು ಇಲ್ಲ, ನೀರು ನಿಲ್ಲುವ ಭಾಗದ ಉದ್ದ ಸುಮಾರು ಆರು ಅಡಿ, ಅಗಲ ಮೂರು ಅಡಿ, ಆಳ ನಾಲ್ಕು ಅಡಿ. ಅದರಾಚೆಯ ಇಂಗುಗುಂಡಿಯಿಂದ ಯಾವ ಬಾವಿಯೂ 30 ಮೀಟರ್ ಒಳಗೆ ಇಲ್ಲ. ಮನೆಯಲ್ಲಿ ನಾಲ್ವರಿದ್ದೇವೆ. ಉಗ್ರಾಣದಿಂದ ಟ್ಯಾಂಕಿಗೆ ಹೊರಗೋಡೆಯನ್ನು ಬಳಸಿ ಹೋದರೆ 12 ಮೀಟರ್ ಆಗುತ್ತದೆ, ಟ್ಯಾಂಕ್ ಮೂರು ಮೆಟ್ಟಿಲು ತಗ್ಗಿನಲ್ಲಿದೆ. ಕೋಟೆಯ ಪ್ರಶ್ನೆ ಏಕೆಂದು ತಿಳಿಯಲಿಲ್ಲ. ನಕ್ಷೆಯಲ್ಲಿ ಅಳೆದಾಗ ಕೋಟೆಯ ಗೋಡೆಯಿಂದ ನಮ್ಮ ಮನೆಗೆ ನೇರವಾಗಿ ಸುಮಾರು 220 ಮೀಟರ್ ಬಂದಿತು.

ಉತ್ತರ 1ರ ಎಂಜಿನಿಯರ್ ಅವರಿಂದ

ಟ್ಯಾಂಕಿನ ಅಳತೆ ಕೇಳಿ ಸಮಾಧಾನವಾಯಿತು. ಐವರು ಬಳಸುವ ಮನೆಗೆ 1.5 ಮೀಟರ್ ಉದ್ದ, 75 ಸೆಂ.ಮೀ. ಅಗಲ, 1 ಮೀಟರ್ ನೀರಿನ ಆಳ ಸಾಕೆಂದು ಮಾನಕ ಹೇಳುತ್ತದೆ, ತಮ್ಮದು ಅದಕ್ಕಿಂತ ದೊಡ್ಡದಿದೆ. ಹೊಸ ಗುಂಡಿಯನ್ನು ಪೂರ್ತಿ ಕೈಬಿಟ್ಟು, 110 ಮಿ.ಮೀ. ಪೈಪನ್ನು ಹೊರಗೋಡೆಯ ಪಕ್ಕದಲ್ಲಿ ಹಾಯಿಸಿ ಹಳೆಯ ಟ್ಯಾಂಕಿಗೆ ಸೇರಿಸಿರಿ. ನಲವತ್ತು ಅಡಿಗೆ ಒಂದು ಅಡಿ ಇಳಿಜಾರು ಕೊಟ್ಟರೆ ತಮ್ಮ 12 ಮೀಟರಿಗೆ 30 ಸೆಂ.ಮೀ. ಇಳಿತ ಬೇಕು, ಮೂರು ಮೆಟ್ಟಿಲಿನ ತಗ್ಗಿನಲ್ಲಿ ಅದು ಸುಲಭವಾಗಿ ಸಿಗುತ್ತದೆ. ಪೈಪ್ ತಿರುಗುವ ಪ್ರತಿ ಮೂಲೆಯಲ್ಲಿ ಚೇಂಬರ್ ಕಟ್ಟಿಸಿರಿ. ಕೆಲಸಕ್ಕೆ ಮೊದಲು ಟ್ಯಾಂಕನ್ನು ಯಂತ್ರದಿಂದಲೇ ಖಾಲಿ ಮಾಡಿಸಿರಿ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಅದರೊಳಗೆ ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯಂತೆ ಅಪರಾಧ, ಒಳಗಿನ ಅನಿಲ ಕ್ಷಣದಲ್ಲಿ ಪ್ರಾಣ ತೆಗೆಯುತ್ತದೆ.

ಇನ್ನು ಕೋಟೆಯ ವಿಚಾರ. ಮಡಿಕೇರಿ ಕೋಟೆಯ ಅರಮನೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಸಂರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡ ಕಟ್ಟುವಂತಿಲ್ಲ. ನಿಯಂತ್ರಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೂ, ಎರಡೂ ಪ್ರದೇಶಗಳಲ್ಲಿ ದುರಸ್ತಿ ಮತ್ತು ನವೀಕರಣಕ್ಕೂ ಸಕ್ಷಮ ಪ್ರಾಧಿಕಾರದ ಅನುಮತಿ ಬೇಕು. ಇರುವ ಕಟ್ಟಡದಲ್ಲಿ ಮಾಡುವ ಬದಲಾವಣೆಯನ್ನೇ ಕಾಯ್ದೆ ದುರಸ್ತಿ ಮತ್ತು ನವೀಕರಣ ಎಂದು ಕರೆಯುತ್ತದೆ. ದೂರವನ್ನು ಅಳೆಯಬೇಕಾದದ್ದು ಸಂರಕ್ಷಿತ ಗಡಿಯಿಂದಾದ್ದರಿಂದ ಆ ಗಡಿಯನ್ನು ಇಲಾಖೆಯಿಂದಲೇ ಖಚಿತಪಡಿಸಿಕೊಳ್ಳಿರಿ. ಹೀಗಾಗಿ, ಮನೆಯೊಳಗಿನ ಕೆಲಸಕ್ಕೆ ಕಟ್ಟಡ ಪರವಾನಗಿ ಬೇಕಿಲ್ಲವೆಂದು ನಾನು ಮೊದಲು ಬರೆದದ್ದು ತಮ್ಮ ಮನೆಯ ಮಟ್ಟಿಗೆ ಸಾಲದು. ನಗರಸಭೆಯ ಎಂಜಿನಿಯರ್ ಶಾಖೆಗೆ ಹೋಗಿ, ಗೋಡೆಯ ಬಾಗಿಲು, ಕಿಟಕಿ ಮತ್ತು ಪೈಪಿನ ದಾರಿಯನ್ನು ತೋರಿಸುವ ಒಂದು ಹಾಳೆಯ ನಕ್ಷೆಯೊಡನೆ ವಿಷಯ ತಿಳಿಸಿ, ಪುರಾತತ್ತ್ವ ಇಲಾಖೆಯ ನಿರಾಕ್ಷೇಪಣೆಗೆ ಅರ್ಜಿ ಸಲ್ಲಿಸಿರಿ.

ಗೀಸರ್ ಸಾಮಾನ್ಯವಾಗಿ 2 ಕಿಲೋವ್ಯಾಟ್ ಎಳೆಯುತ್ತದೆ. ಮನೆಯ ಮಂಜೂರಾದ ವಿದ್ಯುತ್ ಹೊರೆ ಅದಕ್ಕೆ ಸಾಲದಿದ್ದರೆ ಸೆಸ್ಕ್ (ವಿದ್ಯುತ್ ಸರಬರಾಜು ನಿಗಮ) ಕಚೇರಿಯಲ್ಲಿ ಹೆಚ್ಚಿಸಿಕೊಳ್ಳಬೇಕು. ಒದ್ದೆ ಜಾಗವಾದ್ದರಿಂದ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಸಾಧನ) ಹಾಕಿಸದೆ ಸಂಪರ್ಕ ಕೊಡಿಸಬೇಡಿರಿ. ಕಾಫಿ ಕೊಯ್ಲು ಶುರುವಾದ ಮೇಲೆ ಕೆಲಸಗಾರರು ಸಿಗುವುದು ಕಷ್ಟ, ಮಳೆಗಾಲದಲ್ಲಿ ಕೆಲಸ ಮಾಡಿಸುವಂತಿಲ್ಲ. ಈಗ ಅರ್ಜಿ ಹಾಕಿದರೆ ಫೆಬ್ರವರಿ ಕೊನೆಗೆ ಕೆಲಸ ಆರಂಭಿಸಬಹುದು. ಅಲ್ಲಿಯವರೆಗೆ ತಂದೆಯವರ ಕೋಣೆಯಲ್ಲಿ ರಾತ್ರಿಯ ಬಳಕೆಗೆ ಕಮೋಡ್ ಕುರ್ಚಿಯೊಂದನ್ನು ಇಡಿರಿ, ಆ ಮೂರು ಮೆಟ್ಟಿಲುಗಳಿಗೆ ಎರಡೂ ಬದಿ ಹಿಡಿಕೆ ಹಾಕಿಸಿರಿ.