ಮಳೆಗಾಲದಲ್ಲಿ ಸಿಗ್ನಲ್ ಸಿಗದವರು ನಿರ್ವಾಹಕರಾಗಬಾರದೇ?

ತೀರ್ಥಹಳ್ಳಿಯ ಬೆಳೆಗಾರ:
ನಮ್ಮ ಅಡಿಕೆ ಬೆಳೆಗಾರರ ಟೆಲಿಗ್ರಾಂ ಬಳಗಕ್ಕೆ ಇಬ್ಬರು ಹೊಸ ನಿರ್ವಾಹಕರು ಬೇಕು. ಸಂಬಳವಿಲ್ಲದ ಕೆಲಸ, ಆದರೂ ಐವರು ಮುಂದೆ ಬಂದಿದ್ದಾರೆ. ಆರಿಸುವ ಮೂವರಲ್ಲಿ ನಾನೂ ಒಬ್ಬ. ಜೂನ್‌ನಿಂದ ಆಗಸ್ಟ್‌ವರೆಗೆ ಯಾರು ಎಷ್ಟು ಬರೆದಿದ್ದಾರೆ, ಎಷ್ಟು ಬೇಗ ಉತ್ತರಿಸಿದ್ದಾರೆ ಎಂದು ಲೆಕ್ಕ ಹಾಕಿದೆವು. ಹೊಸನಗರ ತಾಲ್ಲೂಕಿನ ಮಹಿಳೆಯೊಬ್ಬರು ಕಡೆಯ ಸ್ಥಾನಕ್ಕೆ ಬಿದ್ದರು. ಅಂದಿನಿಂದ ನನಗೆ ಸಮಾಧಾನವಿಲ್ಲ.

ಕಳೆದ ವರ್ಷ ಕೊಳೆರೋಗದ ಹೊತ್ತಿನಲ್ಲಿ ಯಾರೋ ಅದಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಕಾಲು ಕಿಲೋ ಸುಣ್ಣ ಸಾಕು ಎಂದು ಬರೆದಿದ್ದರು. ಹತ್ತಾರು ಜನ ಹೆಬ್ಬೆರಳ ಗುರುತು ಒತ್ತಿದರು. ತಡೆದವರು ಇವರೊಬ್ಬರೇ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂದು ಬರೆದು, ಆ ಕಾಲು ಕಿಲೋ ಲೆಕ್ಕದಲ್ಲೇ ಸ್ವಲ್ಪ ದ್ರಾವಣ ಮಾಡಿ, ಹೊಳೆಯುವ ಕತ್ತಿಯ ಅಲಗನ್ನು ಅದ್ದಿ ತೆಗೆದ ಫೋಟೋ ಹಾಕಿದ್ದರು. ಅಲಗಿನ ಮೇಲೆ ಕೆಂಪು ಲೇಪ ಕೂತಿತ್ತು. ಸುಣ್ಣ ಸಾಲದೆಂಬುದಕ್ಕೆ ಅದೇ ಗುರುತು. ಗೊನೆಗೆ ಹೊಡೆದರೆ ಎಳೆಗಾಯಿ ಸುಟ್ಟುಹೋಗುತ್ತದೆ. ತಪ್ಪು ಬರೆದವರ ಮನಸ್ಸು ನೋಯುವ ಒಂದು ಮಾತೂ ಅದರಲ್ಲಿರಲಿಲ್ಲ. ನಿರ್ವಾಹಕರು ಮಾಡಬೇಕಾದ ಕೆಲಸ ಇದೇ ಅಲ್ಲವೇ?

ಅವರ ಮನೆ ಇರುವುದು ಕಣಿವೆಯೊಳಗೆ. ಮಳೆ ಹಿಡಿದರೆ ವಿದ್ಯುತ್ ಹೋಗುತ್ತದೆ, ಅದರ ಹಿಂದೆಯೇ ಟವರ್ ಕೂಡ. ಆ ಮೂರು ತಿಂಗಳನ್ನೇ ಹಿಡಿದರೆ ಅವರು ಹಿಂದೆ ಬೀಳುವುದು ಖಚಿತವಿತ್ತು. ನಮಗೆ ಮೊದಲೇ ಹೊಳೆಯಬೇಕಿತ್ತು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅವರು ವ್ಯಾಪಾರಿಯೊಬ್ಬರ ಮೇಲೆ ಹರಿಹಾಯ್ದಿದ್ದರು, ಜಗಳಗಂಟಿ ಎಂದು ಒಬ್ಬರು ನಮ್ಮ ಮೂವರ ನಡುವೆ ಹೇಳಿದರು. ಆ ಮಾತು ಅವರ ಕಿವಿಗೆ ಬಿದ್ದೇ ಇಲ್ಲ. ನಾನೂ ಬಾಯಿ ಮುಚ್ಚಿ ಕೂತೆ. ಬೇರೆ ಬಳಗಗಳಲ್ಲಿ ಹೇಗೆ ಮಾಡುತ್ತಾರೆ?

ಸಾಗರದಿಂದ:
ಇಂಗ್ಲಿಷ್ ವಿಕಿಪೀಡಿಯದಲ್ಲಿ ನಿರ್ವಾಹಕರಾಗಲು ಬಯಸಿದವರ ಬಗ್ಗೆ ಸಾಮಾನ್ಯವಾಗಿ ಏಳು ದಿನ ಬಹಿರಂಗ ಚರ್ಚೆ ನಡೆಯುತ್ತದೆ. ಆಕ್ಷೇಪ ಎತ್ತಿದವರು ಯಾರೆಂದು ಎಲ್ಲರಿಗೂ ಕಾಣುತ್ತದೆ, ಅಭ್ಯರ್ಥಿ ಅಲ್ಲೇ ಉತ್ತರಿಸಬಹುದು. ಹಾಗೆಂದು ಅದು ಸುಲಭದ ಹಾದಿಯಲ್ಲ. ಒಂದು ವಾರ ಎಲ್ಲರೆದುರು ಜಾಲಾಡಿಸಿಕೊಳ್ಳಲು ಹಿಂಜರಿದು ಒಳ್ಳೆಯವರೂ ದೂರ ಉಳಿಯುತ್ತಾರೆ. 2024ರಲ್ಲಿ ಗುಪ್ತ ಮತದಾನದ ಚುನಾವಣೆಯನ್ನೂ ಅಲ್ಲಿ ಪ್ರಯೋಗಿಸಿದರು. ನಿಮ್ಮಲ್ಲಿ ಆದದ್ದು ಇವೆರಡೂ ಅಲ್ಲ, ಚಾಡಿ. ಆ ಜಗಳದ ಸಂದೇಶವನ್ನು ನೀವು ಕಣ್ಣಾರೆ ನೋಡಿದ್ದೀರಾ?

ಕೊಪ್ಪದ ಕಡೆಯವನು:
ಮಳೆಯ ಮಾತನ್ನು ನಾನು ಒಪ್ಪುವುದಿಲ್ಲ. ಕೊಳೆ ಬರುವುದೇ ಮಳೆಯಲ್ಲಿ, ತಪ್ಪು ಔಷಧಿಯ ಸಲಹೆ ಬರುವುದೂ ಆಗಲೇ. ಆಗ ಕೈಗೆ ಸಿಗದ ನಿರ್ವಾಹಕರಿಂದ ಏನು ಪ್ರಯೋಜನ? ಮರುಕದಿಂದ ಆರಿಸಬೇಡಿ. ದಿನಕ್ಕೆ ಎಷ್ಟು ಹೊತ್ತು ಸಿಗುತ್ತೀರಿ ಎಂದು ಅವರನ್ನೇ ಕೇಳಿ. ಉಳಿದ ನಾಲ್ವರನ್ನೂ ಕೇಳಿ.

ತೀರ್ಥಹಳ್ಳಿಯ ಬೆಳೆಗಾರ:
ಸಾಗರದವರ ಪ್ರಶ್ನೆ ಚುಚ್ಚಿತು. ನೋಡಿರಲಿಲ್ಲ. ಮೊನ್ನೆ ರಾತ್ರಿ ಹುಡುಕಿ ಓದಿದೆ. ವ್ಯಾಪಾರಿ ಹಾಕಿದ್ದ ಧಾರಣೆ ಅಡಿಕೆಯ ಯಾವ ದರ್ಜೆಯದು, ರಾಶಿಯದೋ ಗೊರಬಲಿನದೋ ಎಂದು ಅವರು ಮೂರು ಬಾರಿ ಕೇಳಿದ್ದಾರೆ, ಅಷ್ಟೇ. ಮೂರನೆಯ ಬಾರಿ ‘ದಯವಿಟ್ಟು’ ಎಂದೂ ಸೇರಿಸಿದ್ದಾರೆ. ಅದನ್ನು ಆರಿಸುವ ಉಳಿದಿಬ್ಬರಿಗೆ ಕಳುಹಿಸಿ, ಆಕ್ಷೇಪವನ್ನು ಆ ಮಹಿಳೆಗೂ ತಿಳಿಸಿ ಕ್ಷಮೆ ಕೇಳಿದೆ. ಕೊಪ್ಪದವರು ಹೇಳಿದಂತೆ ಐವರಿಗೂ ಒಂದೇ ಪ್ರಶ್ನೆ ಹೋಗಿದೆ. ಉತ್ತರಕ್ಕೆ ಹತ್ತು ದಿನ ಕೊಟ್ಟಿದ್ದೇವೆ.

ಹೊಸನಗರದವರ ಉತ್ತರ ಇಂದು ಬೆಳಿಗ್ಗೆ ಬಂತು: “ಮಳೆಗಾಲದಲ್ಲಿ ಏಳರಿಂದ ಎಂಟರವರೆಗೆ ಗುಡ್ಡದ ಮೇಲಿನ ಗೇರುಮರದ ಹತ್ತಿರ ಇರುತ್ತೇನೆ, ಅಲ್ಲಿ ಸಿಗ್ನಲ್ ಇದೆ. ರಾತ್ರಿಯ ಪಾಳಿಯನ್ನು ಬೇರೆಯವರು ನೋಡಿಕೊಂಡರೆ ನಾನು ಬರುತ್ತೇನೆ.”

ಇನ್ನು ಇಬ್ಬರ ಉತ್ತರ ಬರಬೇಕಿದೆ.