ವರ್ಟಿಯೋ ರಿಂಗ್ 256ರಿಂದ 1024ಕ್ಕೆ ಏರಿಸಿದರೆ ಡ್ರಾಪ್ ನಿಲ್ಲುತ್ತಾ?

ತೋಟದಮನೆ, ವಿರಾಜಪೇಟೆ: ತೋಟದ 12 ಕ್ಯಾಮೆರಾ ಒಂದೇ ಕೆವಿಎಂ ಗೆಸ್ಟ್‌ನಲ್ಲಿ (ಹೋಸ್ಟ್ ಎಂಬ ಅಸಲಿ ಕಂಪ್ಯೂಟರಿನೊಳಗೆ ಓಡುವ ವರ್ಚುವಲ್ ಕಂಪ್ಯೂಟರ್) ರೆಕಾರ್ಡ್ ಆಗುತ್ತವೆ. ಕಾಫಿ ಕಣದ ಚಿತ್ರ ಆಗಾಗ ಬೂದಿ ಬಣ್ಣಕ್ಕೆ ತಿರುಗಿ ಚೂರುಚೂರಾಗುತ್ತದೆ. ಹೋಸ್ಟ್‌ನ ಟ್ಯಾಪ್‌ನಲ್ಲಿ, ಅಂದರೆ ಗೆಸ್ಟ್‌ಗೆ ಪ್ಯಾಕೆಟ್ ದಾಟಿಸುವ ಕೊಂಡಿಯಲ್ಲಿ, ಡ್ರಾಪ್ (ಬಿದ್ದುಹೋದ ಪ್ಯಾಕೆಟ್) ಏರುತ್ತಲೇ ಇದೆ. ಗೆಸ್ಟ್‌ನ ನೆಟ್‌ವರ್ಕ್ ಕಾರ್ಡ್ ವರ್ಟಿಯೋ (ವರ್ಚುವಲ್ ಕಾರ್ಡ್). ಈಥ್‌ಟೂಲ್ ಕಮಾಂಡ್ ಅದರ ಆರ್‌ಎಕ್ಸ್ ರಿಂಗ್ (ಬಂದ ಪ್ಯಾಕೆಟ್ ಕಾಯುವ ಸಾಲು) 256 ಅನ್ನುತ್ತದೆ, ಗರಿಷ್ಠವೂ 256. ಏನು ಮಾಡಲಿ?

ಮಂಜಿನೂರು: ಗೆಸ್ಟ್ ಒಳಗಿಂದ ಆಗುವುದಿಲ್ಲ. ಹೋಸ್ಟ್‌ನಲ್ಲಿ ಗೆಸ್ಟ್‌ನ ಸೆಟ್ಟಿಂಗ್ ಇರುವ ಲಿಬ್‌ವರ್ಟ್ ಫೈಲ್ ತೆರೆದು ಆರ್‌ಎಕ್ಸ್ ಕ್ಯೂ ಸೈಜ್ 1024 ಬರೆಯಿರಿ. ಗೆಸ್ಟ್ ಓಡಿಸುವ ಕ್ಯೂಎಮು ಅದಕ್ಕಿಂತ ಜಾಸ್ತಿ ಬಿಡುವುದಿಲ್ಲ. ಗೆಸ್ಟ್ ಪೂರ್ತಿ ಆಫ್ ಮಾಡಿ ಆನ್ ಮಾಡಿ, ಒಳಗಿಂದ ಸುಮ್ನೆ ರೀಬೂಟ್ ಮಾಡಿದರೆ ಸಾಲದು. ಬಫರ್ ಅಂದರೆ ಹಾರಂಗಿ ಡ್ಯಾಂ ಇದ್ದ ಹಾಗೆ, ದೊಡ್ಡದಿದ್ದಷ್ಟೂ ಒಳ್ಳೆಯದು.

ಕೇಬಲ್‌ಕಾಕಾ: 256 ಬೈಟಿನಲ್ಲಿ 1,500 ಬೈಟ್ ಪ್ಯಾಕೆಟ್ ಹೇಗೆ ಹಿಡಿಸುತ್ತದೆ ಸ್ವಾಮಿ?

ಮಂಜಿನೂರು: ಬೈಟ್ ಅಲ್ಲ ಮಾರಾಯ್ರೆ, ಡಿಸ್ಕ್ರಿಪ್ಟರ್ (ಒಂದೊಂದು ಬಫರ್ ಎಲ್ಲಿದೆ ಅನ್ನುವ ನಮೂದು) ಲೆಕ್ಕ. ಎಷ್ಟು ಚೀಲ ಅಂತ, ಎಷ್ಟು ಕೆಜಿ ಅಂತಲ್ಲ. ಮರ್ಜೆಬಲ್ ಬಫರ್ (ಒಂದು ಪ್ಯಾಕೆಟನ್ನು ಹಲವು ಬಫರಿಗೆ ಹಂಚುವ ಸೌಲಭ್ಯ) ಇಲ್ಲದೆ ಗೆಸ್ಟ್ ಟಿಎಸ್ಒ (ದೊಡ್ಡ ಪ್ಯಾಕೆಟನ್ನು ಇಡಿಯಾಗಿ ತೆಗೆದುಕೊಳ್ಳುವುದು) ಆನ್ ಇದ್ದರೆ ಒಂದೊಂದು ಬಫರೂ 65,562 ಬೈಟ್ ಇರಬೇಕು ಅಂತ ವರ್ಟಿಯೋ ಸ್ಪೆಕ್‌ನಲ್ಲೇ ಇದೆ.

ಕೇಬಲ್‌ಕಾಕಾ: ಹಾಗಾದರೆ ವರ್ಟಿಯೋ ಬದಲು ಇ1000 ಕಾರ್ಡ್ ಹಾಕಿ. 4096 ಸಿಗುತ್ತದೆ.

ಕೂಡಿಗೆಯವ: "ದೊಡ್ಡದಿದ್ದಷ್ಟೂ ಒಳ್ಳೆಯದು" ಅಂದವರು 2018, 2019ರಲ್ಲಿ ಕುಶಾಲನಗರದ ಬಡಾವಣೆಗಳಿಗೆ ನೀರು ನುಗ್ಗಿದ್ದನ್ನು ನೋಡಿಲ್ಲವೇನೋ. ಹಾರಂಗಿ ಇತ್ತಲ್ವಾ ಆಗ?

ಮಂಜಿನೂರು: ಅದು ಕಾವೇರಿ ನೀರು! ಹಾರಂಗಿ ಸೇರುವುದು ಕುಶಾಲನಗರ ದಾಟಿದ ಮೇಲೆ. ನಿಮ್ಮೂರಲ್ಲೇ.

ಕೂಡಿಗೆಯವ: ನಮ್ಮೂರಲ್ಲೇ, ಹೌದು. ಇಲ್ಲಿ ಹಾರಂಗಿ ಜೋರಾಗಿ ಬಂದರೆ ಕಾವೇರಿ ಹಿಂದಕ್ಕೆ ಒತ್ತುವುದಿಲ್ವಾ? ನಮ್ಮ ಸೇತುವೆ ಮೇಲೆ ಬಂದು ನಿಂತು ನೋಡಿ, ಆಮೇಲೆ ಮಾತಾಡಿ.

ಕೇಬಲ್‌ಕಾಕಾ: ಡ್ಯಾಂ 2,859 ಅಡಿ ಎತ್ತರ ಇದೆ. ಇನ್ನೆಷ್ಟು ಬೇಕು?

ಮಂಜಿನೂರು: ಕಾಕಾ, ಅದು ಸಮುದ್ರಮಟ್ಟದಿಂದ! ಹಿಡಿಸುವುದು 8.5 ಟಿಎಂಸಿ. ಮತ್ತೆ ಅದೇ ಚೀಲ, ಕೆಜಿ ಗಲಾಟೆ.

ಕೇಬಲ್‌ಕಾಕಾ: ಪೇಪರಿನಲ್ಲಿ ದಿನಾ ಅಡಿ ಲೆಕ್ಕವೇ ಹಾಕುತ್ತಾರೆ. ಅವರಿಗೆ ಗೊತ್ತಿಲ್ಲ, ನಿಮಗೆ ಗೊತ್ತು!

ಕೂಡಿಗೆಯವ: ಗೇಟ್ ತೆಗೆಯುವವನು ನಿದ್ದೆ ಹೊಡೆದರೆ ಎಷ್ಟು ಟಿಎಂಸಿ ಇದ್ದರೇನು? ಪ್ಯಾಕೆಟ್ ಎತ್ತುವುದಕ್ಕೆ ಗೆಸ್ಟ್‌ಗೆ ಪುರುಸೊತ್ತು ಇದೆಯಾ, ಅದನ್ನು ಯಾರೂ ಕೇಳಲಿಲ್ಲ.

ಮಂಜಿನೂರು: ನಿದ್ದೆ ಅಂತೆಲ್ಲ ಬರೆಯಬೇಡಿ. ನನ್ನ ಭಾವ ನೀರಾವರಿಯಲ್ಲಿ ಇದ್ದವರು.

ತೋಟದಮನೆ, ವಿರಾಜಪೇಟೆ: 1024 ಹಾಕಿದೆ. ಡ್ರಾಪ್ ಕಡಿಮೆ ಆಯಿತು, ನಿಂತಿಲ್ಲ. ಗೆಸ್ಟ್‌ಗೆ ಕೊಟ್ಟಿದ್ದು ಒಂದೇ ಸಿಪಿಯು. ಕಣದಲ್ಲಿ ಕಾಗೆ ಹಾರಿದರೂ ಮೋಷನ್ ಡಿಟೆಕ್ಷನ್ ಅದನ್ನು 100%ಗೆ ಏರಿಸುತ್ತದೆ. ಎರಡು ಮಾಡಿದ ಮೇಲೆ ಚಿತ್ರ ಒಡೆದಿಲ್ಲ.

ಮಂಜಿನೂರು: ನೋಡಿ, 1024ಕ್ಕೇ ಕಡಿಮೆ ಆಯಿತು.

ಕೂಡಿಗೆಯವ: "ನಿಂತಿಲ್ಲ" ಅಂತಲೂ ಬರೆದಿದ್ದಾರೆ. ಸಿಪಿಯು ವಿಷಯ ನಾನು ಮೊದಲೇ ಹೇಳಿದ್ದೆ.

ಮಂಜಿನೂರು: ನೀವು ಹೇಳಿದ್ದು ಹಾರಂಗಿ ಗೇಟ್ ಬಗ್ಗೆ.

ಕೇಬಲ್‌ಕಾಕಾ: ಇ1000 ಹಾಕಿ ನೋಡಿದ್ರಾ?